ಕರುವಿಗೆ ಬಿಟ್ಟ ಹಾಲು

‘ಹಾಲಿಲ್ಲದಾಕಿ’ ಎಂದು ನನ್ನನ್ನು ಮೊದಲು ಕರೆದವರು ಯಾರೆಂದು ನೆನಪಿಲ್ಲ. ಕೊನೆಗೆ ಕರೆದವರು ಯಾರೆಂಬುದು ಮಾತ್ರ ಚೆನ್ನಾಗಿ ನೆನಪಿದೆ. ಅವರ ಎದುರಿಗೇ ಕುಳಿತು ನಾನು ನನ್ನ ಮಗಳಿಗೆ ಹಾಲು ಕುಡಿಸಿದೆ. ಆ ಎರಡರ ನಡುವೆ ಏನಾಯಿತು ಎಂಬುದನ್ನು ಬರೆಯಲು ಕುಳಿತಿದ್ದೇನೆ.

ಗೌರಿಗೆ ಈಗ ನಾಲ್ಕು ವರ್ಷ. ಹಳಿಯಾಳದ ನಮ್ಮ ಓಣಿಯಲ್ಲಿ ಅವಳ ಬಾಯಿಗೆ ಹೆದರದವರು ಕಡಿಮೆ. ಮೂರು ತಿಂಗಳ ಕೂಸಾಗಿದ್ದಾಗ ಅವಳ ಅಳು ಪಕ್ಕದ ಕೋಣೆಗೂ ಕೇಳಿಸುತ್ತಿರಲಿಲ್ಲ. ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಸೊರಗಿದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲವೂ ತನ್ನಿಂದಲೇ ಆಯಿತು ಎಂದುಕೊಂಡು ಕುಳಿತಿರುವ ಹುಡುಗಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಸರಿ ತಂಗಿ, ನಾನೂ ಅಲ್ಲೇ ಕುಳಿತಿದ್ದವಳು.

ನನ್ನ ತವರು ಮುಂಡಗೋಡ ತಾಲೂಕಿನ ಮಳಗಿ. ಕೊಟ್ಟದ್ದು ಹಳಿಯಾಳಕ್ಕೆ. ಗಂಡ ಈರಣ್ಣ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸದಲ್ಲಿದ್ದಾರೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆ ಚರ್ಚೆ ಮಾಡುವ ವಿಷಯವೇ ಅಲ್ಲ, ಹಾಗಾಗಿ ಏಳನೇ ತಿಂಗಳಿಗೆ ಮಳಗಿಗೆ ಹೋದೆ. ಒಂದೂವರೆ ದಿನ ನೋವು ತಿಂದ ಮೇಲೆ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಗೌರಿಯನ್ನು ತೆಗೆದರು. ನನಗೆ ಪೂರ್ತಿ ಎಚ್ಚರ ಬಂದು ಕೂಸಿನ ಮುಖ ನೋಡಿದಾಗ ಅದರ ತುಟಿ ಅಂಟಂಟಾಗಿತ್ತು.

ಅವ್ವ ಜೇನು ನೆಕ್ಕಿಸಿದ್ದಳು. ಕುಂಬಾರವಾಡದ ಕಾಡಿನ ಜೇನು, ಅಸಲಿ ಮಾಲು ಎಂದು ಅಣ್ಣ ಯಾರನ್ನೋ ಹಿಡಿದು ತರಿಸಿದ್ದ. ಎರಡು ತಿಂಗಳಿಂದ ಆ ಬಾಟಲಿ ದೇವರ ಮಾಡದಲ್ಲಿ ವಿಭೂತಿ ಗಟ್ಟಿಯ ಪಕ್ಕ ನನ್ನ ಹೆರಿಗೆಗಾಗಿ ಕಾಯುತ್ತಿತ್ತು. ಮೊದಲ ರುಚಿ ಸಿಹಿಯಾದರೆ ಮಗುವಿನ ಮಾತೂ ಸಿಹಿಯಾಗುತ್ತದೆ ಎಂಬುದು ಅವ್ವನ ನಂಬಿಕೆ. ಈಗ ಗೌರಿಯ ಬಾಯಲ್ಲಿ ಸಿಕ್ಕಿಕೊಂಡವರನ್ನು ಕೇಳಿದರೆ ಅದರಲ್ಲಿ ಎಷ್ಟು ನಿಜವಿದೆ ಎಂದು ಹೇಳುತ್ತಾರೆ.

ಸಿಸ್ಟರ್ ಬಂದು ಕೂಸನ್ನು ಎದೆಗೆ ಹಚ್ಚು ಎಂದು ಹೇಳಿ ಹೋದರು. ಅವರು ಬಾಗಿಲು ದಾಟುವುದೇ ತಡ, ಅವ್ವ ನನ್ನ ಕೈ ಹಿಡಿದಳು.

“ಈಗ ಬ್ಯಾಡ. ಅದು ಹಳದಿ ಹಾಲು. ಒಂಬತ್ತ ತಿಂಗಳ ಒಳಗ ಕುಂತ ಹೊಲಸು ಅದು. ಮೂರ ದಿನ ಹಿಂಡಿ ಚೆಲ್ಲಬೇಕು.”

“ಸಿಸ್ಟರ್ ಹಚ್ಚು ಅಂತ ಹೇಳ್ಯಾರಲ್ಲವ್ವಾ.”

“ಆ ಹುಡುಗಿಗೆ ಇನ್ನೂ ಲಗ್ನ ಆಗಿಲ್ಲ. ನಾ ನಾಲ್ಕ ಹಡದೇನಿ. ಯಾರ ಮಾತ ಕೇಳ್ತಿ?”

ಅವ್ವನದು ಎಮ್ಮೆ ಹಿಂಡಿ ಪಳಗಿದ ಕೈ. ನೋವಾಗದ ಹಾಗೆ ಒಂದು ಸ್ಟೀಲಿನ ಬಟ್ಟಲಿಗೆ ಹಿಂಡಿದಳು. ಗಟ್ಟಿ ಹಳದಿ ಹಾಲು, ಬಟ್ಟಲಿನ ತಳ ಮುಚ್ಚುವಷ್ಟು ಮಾತ್ರ. ಆಸ್ಪತ್ರೆಯ ಹಿಂದಿನ ಗೋಡೆಯ ಬುಡದಲ್ಲಿ, ಯಾರೂ ತುಳಿಯದ ಜಾಗ ನೋಡಿ ಚೆಲ್ಲಿ ಬಂದಳು. ಮೂರು ದಿನ ಹಾಗೆಯೇ ನಡೆಯಿತು. ಕೂಸಿಗೆ ಜೇನು, ಸಕ್ಕರೆ ನೀರು. ನಾನು ಬಿ.ಎ. ಓದಿದವಳು. ಒಂದು ಮಾತೂ ಆಡದೆ ಸುಮ್ಮನಿದ್ದೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಅವ್ವನ ಮೇಲೆ ಹೇಳಿದ ಚಾಡಿಯಾಗುತ್ತದೆ.

ಬಾಣಂತನ ಜೋರಾಗಿಯೇ ಆಯಿತು. ಎಣ್ಣೆ, ಬಿಸಿನೀರು, ಲೋಬಾನದ ಹೊಗೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಒಂದೇ ಒಂದು ಕೊರತೆ ಎಂದರೆ ನೀರು. ಬಾಣಂತಿ ನೀರು ಕುಡಿದರೆ ಕೂಸಿಗೆ ಶೀತ ಎಂದು ಅವ್ವ ದಿನಕ್ಕೆ ಎರಡು ಲೋಟ ಬಿಸಿನೀರು ಅಳೆದು ಕೊಡುತ್ತಿದ್ದಳು. ಹಾಲು ಕಡಿಮೆಯಾಯಿತು, ಕೂಸು ಅತ್ತಿತು, ಪುಡಿ ಹಾಲು ಬಂತು, ಬಾಟಲಿ ಬಂತು. ಬಾಟಲಿಯಲ್ಲಿ ಸುಲಭವಾಗಿ ಸಿಗುವಾಗ ನನ್ನಲ್ಲಿ ಯಾಕೆ ಒದ್ದಾಡಬೇಕು ಎಂದು ಗೌರಿ ಮುಖ ತಿರುಗಿಸತೊಡಗಿದಳು. ಆಮೇಲೆ ಭೇದಿ ಶುರುವಾಯಿತು. ಔಷಧಿ ಅಂಗಡಿಯಿಂದ ಒಂದು ಸಿರಪ್ ತಂದು ಹಾಕಿದೆವು, ನಿಂತಿತು. ವಾರ ಬಿಟ್ಟು ಮತ್ತೆ ಭೇದಿ, ಮತ್ತೆ ಸಿರಪ್. ಹೀಗೆ ನಾಲ್ಕು ಸಲ. ಅಷ್ಟರಲ್ಲಿ ನನ್ನ ಹಾಲು ಪೂರ್ತಿ ನಿಂತು ಹೋಗಿತ್ತು, ಬಂದು ನೋಡಿದವರೆಲ್ಲ ಕೂಸಿಗಿಂತ ಮೊದಲು ನನ್ನ ಎದೆ ನೋಡಿ ಲೊಚಗುಟ್ಟುತ್ತಿದ್ದರು.

ಮೂರು ತಿಂಗಳಾದ ಮೇಲೆ ತೊಟ್ಟಿಲ ಸಮೇತ ನನ್ನನ್ನು ಹಳಿಯಾಳಕ್ಕೆ ಕಳಿಸಿದರು. ಬಂದ ವಾರದಲ್ಲೇ ಮತ್ತೆ ಭೇದಿ ಹಿಡಿಯಿತು, ಈ ಸಲ ನಿಲ್ಲಲಿಲ್ಲ. ಕೂಸಿನ ಹೊಟ್ಟೆ ಉಬ್ಬಿತು. ನೆತ್ತಿ ಗುಳಿ ಬಿತ್ತು. ಅಳುತ್ತಿದ್ದಳು, ಆದರೆ ಕಣ್ಣಲ್ಲಿ ನೀರಿರಲಿಲ್ಲ. ಅತ್ತೆ ಪಡಸಾಲೆಯಲ್ಲಿ ಕುಳಿತು ಬಹಳ ಹೊತ್ತು ಅವಳನ್ನೇ ನೋಡಿದರು.

“ಇದು ಔಷಧಕ್ಕ ಬಗ್ಗೂದಲ್ಲ. ಚಟಗಿ ಕೊಡಸೂಣು. ಈರಣ್ಣಗೂ ಸಣ್ಣಾಂವ ಇದ್ದಾಗ ಕೊಡಸೇನಿ. ಅವನ ಹೊಟ್ಟಿ ಮ್ಯಾಲ ಕಲೆ ಇನ್ನೂ ಐತಿ, ನೀನೂ ನೋಡಿರಬೇಕಲ್ಲ.”

ಚಟಿಗೆ ಎಂದರೆ ಕೆಂಪಗೆ ಕಾಯಿಸಿದ ಬಳೆಯ ಚೂರಿನಿಂದ ಕೂಸಿನ ಹೊಟ್ಟೆಯ ಮೇಲೆ ಬರೆ ಎಳೆಯುವುದು. ಆ ಕಲೆಯನ್ನು ನಾನು ನೋಡಿದ್ದೆ. ಮಳಗಿಯಲ್ಲಿ ಸತ್ತು ಬಿದ್ದಿದ್ದ ನನ್ನ ಬಾಯಿ ಆಗ ಎಲ್ಲಿಂದ ಎದ್ದು ಬಂತೋ ತಿಳಿಯದು.

“ಆಕಿಗೆ ಬೆಂಕಿ ಮುಟ್ಟಸೂದಿದ್ರ ಮೊದಲ ನನಗ ಮುಟ್ಟಸ್ರಿ ಅತ್ತಿ. ನನ್ನ ಸುಟ್ಟ ಮ್ಯಾಲ ಆಕಿ ಕಡೆ ಹೋಗ್ರಿ.”

ಹಾಗೆಂದವಳೇ ಕೂಸನ್ನು ಎತ್ತಿಕೊಂಡು ಹೊರಬಿದ್ದೆ. ಗಂಡ ದಾಂಡೇಲಿಯಲ್ಲಿ ಪಾಳಿಯಲ್ಲಿದ್ದರು, ಫೋನು ಎತ್ತಲಿಲ್ಲ. ಮಧ್ಯಾಹ್ನದ ಬಿಸಿಲು. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು, ರಸ್ತೆ ದಾಟಲು ಜಾಗವಿರಲಿಲ್ಲ. ಅರ್ಧ ದಾರಿಯಲ್ಲಿ ನೋಡಿಕೊಂಡರೆ ಕಾಲಲ್ಲಿದ್ದದ್ದು ಅತ್ತೆಯ ಚಪ್ಪಲಿ. ಹಿಂದಿನಿಂದ ಅತ್ತೆಯೂ ಬರುತ್ತಿದ್ದರು, ಬರಿಗಾಲಲ್ಲಿ, ನನ್ನನ್ನೂ ನನ್ನ ಓದನ್ನೂ ಬೈಯುತ್ತ. ಆದರೆ ಕೈಯಲ್ಲಿದ್ದ ಛತ್ರಿಯನ್ನು ಅವರು ಹಿಡಿದದ್ದು ಕೂಸಿನ ತಲೆಯ ಮೇಲೆ. ಅದನ್ನು ನಾನು ಮರೆತಿಲ್ಲ.

ಆಸ್ಪತ್ರೆಯಲ್ಲಿ ಚೀಟಿಗೆ ದೊಡ್ಡ ಸಾಲು. ನಾನು ಸಾಲಿನಲ್ಲಿ ನಿಲ್ಲಲಿಲ್ಲ. ಬೈದವರು ಬೈದರು. ನೆಟ್ಟಗೆ ಮಕ್ಕಳ ಡಾಕ್ಟರಮ್ಮ, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ, ಅವರ ಮೇಜಿನ ಮೇಲೆ ಗೌರಿಯನ್ನು ಮಲಗಿಸಿದೆ. ಅವರು ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು, ಅದು ಎದ್ದದ್ದು ಎದ್ದ ಹಾಗೆಯೇ ನಿಂತಿತು. ಡಾಕ್ಟರ್ ಬಾಯಿ ಕೂಸನ್ನು ಎತ್ತಿಕೊಂಡು ಒಳಗೆ ಓಡಿದರು. ಡಾಕ್ಟರು ಓಡುವುದನ್ನು ನೋಡಿದ ತಾಯಿಗೆ ಬೇರೆ ಯಾರೂ ಏನೂ ವಿವರಿಸಬೇಕಾಗಿಲ್ಲ.

ಕೈಯಲ್ಲಿ ನರ ಸಿಗಲಿಲ್ಲ, ಕಾಲಲ್ಲೂ ಸಿಗಲಿಲ್ಲ. ಕೊನೆಗೆ ತಲೆಯ ಒಂದು ಬದಿ ಬೋಳಿಸಿ ಅಲ್ಲಿ ಸೂಜಿ ಚುಚ್ಚಿದರು. ಸಂಜೆಗೆ ಈರಣ್ಣ ಕಾರ್ಖಾನೆಯ ಅಂಗಿಯಲ್ಲೇ ಓಡಿ ಬಂದರು. ಮಗಳ ಅರ್ಧ ಬೋಳು ತಲೆ ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ದನಿ ತೆಗೆದು ಅತ್ತರು. ನಾನು ಅಳಲಿಲ್ಲ. ಆ ದಿನ ನನ್ನಲ್ಲಿ ಸಿಟ್ಟು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಮೂರನೇ ದಿನಕ್ಕೆ ಗೌರಿ ಮೂತ್ರ ಮಾಡಿದಳು. ಇಡೀ ವಾರ್ಡಿಗೆ ಪೇಡೆ ಹಂಚಬೇಕೆನಿಸಿತು. ಆ ದಿನವೇ ಡಾಕ್ಟರ್ ಬಾಯಿ ಸ್ಟೂಲು ಎಳೆದುಕೊಂಡು ನನ್ನ ಎದುರು ಕುಳಿತರು.

“ಹುಟ್ಟಿದ ಕೂಡಲೇ ಕೂಸಿಗೆ ಏನ ಕೊಟ್ರಿ?”

“ನನ್ನ ಹಾಲ ಕೊಟ್ಟೇನ್ರಿ,” ಎಂದೆ. ಸುಳ್ಳು ಬಾಯಿಗೆ ತಾನಾಗಿ ಬಂತು. ಅವರು ಪೆನ್ನನ್ನು ಕಾಗದದ ಮೇಲಿಟ್ಟು ಕಾದರು, ಬರೆಯಲಿಲ್ಲ. ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಜೇನು, ಸಕ್ಕರೆ ನೀರು, ಗೋಡೆಯ ಬುಡ, ಬಾಟಲಿ, ನಾಲ್ಕು ಸಿರಪ್ಪು.

“ಮನ್ಯಾಗ ಹಾಲಿಗೆ ಹೆಪ್ಪ ಹಾಕ್ತೀರಲ್ಲ,” ಎಂದರು ಅವರು. “ಚಲೋ ಹೆಪ್ಪ ಬಿದ್ರ ಮೊಸರ ಆಗತೈತಿ. ಹಂಗ ಬಿಟ್ರ, ಹೊರಗಿನ್ವು ಬಂದು ಸೇರಿ ಹಾಲ ಕೆಡತೈತಿ. ಕೂಸಿನ ಹೊಟ್ಟಿಗೂ ಮೊದಲ ಹೆಪ್ಪ ಬೇಕ್ರಿ. ಕರುಳಿನ್ಯಾಗ ಒಳ್ಳೆ ಜೀವಾಣು ಬಂದು ಮನಿ ಮಾಡಬೇಕು. ತಾಯಿ ಹಾಲಿನ್ಯಾಗ ಅವೂ ಇರತಾವ, ಅವಕ್ಕ ಬೇಕಾದ ಊಟಾನೂ ಇರತೈತಿ. ಈ ಕೂಸಿಗೆ ಅದು ಪೂರ್ತಿ ಸಿಗಲಿಲ್ಲ. ಇದ್ದಷ್ಟನ್ನೂ ನಾಲ್ಕ ಸಲ ಔಷಧ ಹಾಕಿ ತೊಳದೀರಿ.”

“ಅಂದ್ರ ಅದಕ್ಕ ಹಿಂಗಾತೇನ್ರಿ?”

“ಅದೊಂದರಿಂದನ ಆತು ಅಂತ ನಾ ಹೇಳಂಗಿಲ್ಲ. ಬಾಟ್ಲಿ ಇರಬಹುದು, ನೀರ ಇರಬಹುದು. ಆಗಿದ್ದು ಬಿಡ್ರಿ. ಈಗ ಆಕಿಗೆ ನಿಮ್ಮ ಹಾಲ ಬೇಕು.”

“ಹಾಲ ನಿಂತು ಒಂದೂವರಿ ತಿಂಗಳಾತ್ರಿ.”

“ತರಸೂಣು,” ಎಂದರು. ಅಂಗಡಿಯಿಂದ ಏನನ್ನೋ ತರಿಸುವ ಧಾಟಿಯಲ್ಲಿ.

ಉಪಾಯ ಹೀಗಿತ್ತು. ಒಂದು ಬಟ್ಟಲಿನಲ್ಲಿ ಪುಡಿ ಹಾಲು. ಅದರಲ್ಲಿ ಅದ್ದಿದ ದಾರದಂಥ ಸಣ್ಣ ನಳಿಗೆ. ಅದರ ಇನ್ನೊಂದು ತುದಿಯನ್ನು ನನ್ನ ಎದೆಯ ತೊಟ್ಟಿಗೆ ಪಟ್ಟಿ ಹಚ್ಚಿ ಅಂಟಿಸುವುದು. ಕೂಸು ಎದೆ ಚೀಪಿದರೆ ನಳಿಗೆಯಿಂದ ಹಾಲು ಬರುತ್ತದೆ, ಅದಕ್ಕೆ ಹೊಟ್ಟೆ ತುಂಬುತ್ತದೆ. ಚೀಪಿಸಿಕೊಂಡ ಎದೆಗೆ ತನ್ನ ಕೆಲಸ ಮತ್ತೆ ನೆನಪಾಗುತ್ತದೆ. ಹೇಳಲು ಎರಡೇ ಮಾತು. ಮಾಡಲು ಹೋದರೆ ಗೌರಿ ನಳಿಗೆ ಕಿತ್ತಳು, ಬೆನ್ನು ಸೆಟೆಸಿ ಅತ್ತಳು, ಬಟ್ಟಲು ಉರುಳಿತು, ನನ್ನ ಸೀರೆಯೆಲ್ಲ ಅಂಟು. ದಿನಕ್ಕೆ ಎಂಟು ಹತ್ತು ಸಲ ಇದೇ ಕುಸ್ತಿ. ನನ್ನಿಂದ ಒಂದು ಹನಿಯೂ ಬರಲಿಲ್ಲ.

ಪಕ್ಕದ ಹಾಸಿಗೆಯಲ್ಲಿ ಸುಮಿತ್ರಾ ಇದ್ದಳು. ಕುಂಬಾರವಾಡದ ಕಡೆಯವಳು, ಮನೆಮಾತು ಕೊಂಕಣಿ. ಮಗನಿಗೆ ಎದೆಯಲ್ಲಿ ಕಫ ಕಟ್ಟಿ, ಅಪರೂಪಕ್ಕೆ ಬರುವ ಬಸ್ಸಿಗೆ ಕಾದು ಇಲ್ಲಿಗೆ ಬಂದು ಸೇರಿದ್ದಳು. ನಾನು ನಳಿಗೆ ಎಸೆದು ಗೋಡೆಗೆ ಮುಖ ಮಾಡಿದಾಗಲೆಲ್ಲ ಅವಳು ತನ್ನ ಕೂಸಿಗೆ ಹಾಲೂಡಿಸುತ್ತಲೇ ಎದ್ದು ಬಂದು, ಒಂದೇ ಕೈಯಲ್ಲಿ ನಳಿಗೆ ತೊಳೆದು ನನ್ನ ತೊಡೆಯ ಮೇಲಿಡುತ್ತಿದ್ದಳು. “ದೂದ್ ಯೆತಲೆಂ ಅಕ್ಕಾ. ಬರ್ತದೆ, ಬರ್ತದೆ.” ಅವಳ ಕನ್ನಡ ಅಷ್ಟೇ. ನನಗೆ ಅಷ್ಟು ಸಾಕಾಗುತ್ತಿತ್ತು.

ಬಿಸ್ಕೀಟು, ಮೋಸಂಬಿ ಹಿಡಿದು ನೋಡಲು ಬಂದವರಿಗೆ ಇದೆಲ್ಲ ತಮಾಷೆಯಾಗಿ ಕಂಡಿತು. ಗಂಡನ ಸೋದರತ್ತೆಯಂತೂ ಬಾಗಿಲಲ್ಲೇ ನಿಂತು, “ಹಾಲಿಲ್ಲದಾಕಿಗೆ ನಳಿಗಿ ಹಚ್ಚಿದ್ರ ಹಾಲ ಬರತೈತೇನ? ಸುಮ್ನ ಕೂಸಿನ ಯಾಕ ಗೋಳ ಹೊಯ್ಕೋತೀರಿ?” ಎಂದರು. ನಾನು ನಳಿಗೆಗೆ ಹೊಸ ಪಟ್ಟಿ ಹಚ್ಚಿದೆ.

ನಳಿಗೆ ಹಚ್ಚಿದ ನಾಲ್ಕನೇ ದಿನ ಮಳಗಿಯಿಂದ ಅವ್ವ ಬಂದಳು. ಮನೆಯಲ್ಲಿ ಇಂದೋ ನಾಳೆಯೋ ಈಯುವ ಎಮ್ಮೆಯನ್ನು ಅಣ್ಣನಿಗೆ ಒಪ್ಪಿಸಿ ಬಂದಿದ್ದಳು. ಡಾಕ್ಟರ್ ಬಾಯಿ ಹೇಳಿದ್ದನ್ನು ನಾನು ಹೇಳಿದೆ. ಮೆಲ್ಲಗೆ ಹೇಳಬಹುದಿತ್ತು, ಹೇಳಲಿಲ್ಲ. ಅವ್ವನ ಮುಖ ಕಪ್ಪಿಟ್ಟಿತು.

“ಅಂದ್ರ ನಾ ಕೂಸಿನ ಕೊಲ್ಲಾಕ ಹೊಂಟಿದ್ದೆ ಅಂತೀಯೇನ? ನನ್ನ ಮಕ್ಕಳೂ ಹಂಗ ಬೆಳದಾರ. ನೀನೂ ಹಂಗ ಬೆಳದೀ.”

ಎರಡು ದಿನ ನಾವಿಬ್ಬರೂ ಮಾತಾಡಲಿಲ್ಲ. ಅವಳು ಬಟ್ಟೆ ಒಗೆದು ತರುವಳು, ನಾನು ಮಡಚುವೆ, ಅಷ್ಟೇ.

ಆರನೇ ದಿನ ಬೆಳಿಗ್ಗೆ ಅವ್ವನ ಫೋನು ರಿಂಗಾಯಿತು. ಅವಳಿಗೆ ಫೋನನ್ನು ಕಿವಿಗಿಟ್ಟುಕೊಂಡು ಅಭ್ಯಾಸವಿಲ್ಲ, ಅಂಗೈಯಲ್ಲಿಟ್ಟು ಕೂಗಿ ಮಾತಾಡುತ್ತಾಳೆ. ಆ ಕಡೆಯಿಂದ ಅಣ್ಣ ಹೇಳಿದ್ದು ಇಡೀ ವಾರ್ಡಿಗೆ ಕೇಳಿಸಿತು.

“ಅವ್ವಾ, ಎಮ್ಮಿ ಈತು. ಹೆಣ್ಣಗರಾ ಹಾಕೈತಿ. ಗಿಣ್ಣಕ್ಕ ಹಿಂಡ್ಲೇನ? ಆಜೂಬಾಜೂದವ್ರು ಆಗಲೇ ಡಬ್ಬಿ ತಂದಾರ.”

“ಏ, ಮುಟ್ಟಬ್ಯಾಡ!” ಅವ್ವ ಎದ್ದು ನಿಂತಳು. “ಮೊದಲ ಕರಾ ಕುಡೀಲಿ. ಹೊಟ್ಟಿ ತುಂಬ ಕುಡೀಲಿ. ಆ ಮೊದಲನೇ ಹಾಲ ಹೊಟ್ಟಿಗೆ ಬೀಳದಿದ್ರ ಕರಾ ಉಳಿಯಂಗಿಲ್ಲ, ಅಷ್ಟೂ ತಿಳೀದಿಲ್ಲೇನ ನಿನಗ? ಅದು ಕುಡದು ಉಳಿದದ್ದಷ್ಟ...”

ಅಲ್ಲಿಗೆ ಅವಳ ಮಾತು ನಿಂತಿತು. ಅಣ್ಣ ಆ ಕಡೆಯಿಂದ “ಅವ್ವಾ, ಅವ್ವಾ” ಎನ್ನುತ್ತಲೇ ಇದ್ದ. ಅವಳ ಕಣ್ಣು ನನ್ನ ಎದೆಗೆ ಅಂಟಿದ್ದ ನಳಿಗೆಯ ಮೇಲಿತ್ತು.

ಸುಮ್ಮನಿರಬಹುದಿತ್ತು. ಆದರೆ ನನಗೆ ಅವಳನ್ನು ನೋಯಿಸಬೇಕಿತ್ತು. “ಕರಾದ ವಿಷಯ ಅಷ್ಟ ಚಂದ ಗೊತ್ತಿತ್ತು ನಿನಗ,” ಎಂದೆ.

ಅವ್ವ ಹೊರಗೆ ಹೋದಳು. ಮೆಟ್ಟಿಲ ಮೇಲೆ ಕುಳಿತಿದ್ದಾಳೆ ಎಂದು ಅತ್ತೆ ಬಂದು ಹೇಳಿದರು. ತಿರುಗಿ ಬಂದಾಗ ಮುಖ ತೊಳೆದುಕೊಂಡಿದ್ದಳು. ನನ್ನ ಹಾಸಿಗೆಯ ತುದಿಯಲ್ಲಿ ಕುಳಿತು, ಯಾರನ್ನೂ ನೋಡದೆ ಹೇಳಿದಳು.

“ನಿನ್ನ ಬೆನ್ನಿಗೆ ಹುಟ್ಟಿದಾಕಿ ಎರಡ ತಿಂಗಳಿಗೆ ಹೋದ್ಲು. ಹಿಂಗ ಭೇದಿ ಹತ್ತಿ ಹೋದ್ಲು. ಆಕಿಗೂ ನಾನ ಹಿಂಡಿ ಚೆಲ್ಲಿದ್ದೆ.”

ನಾಲ್ಕು ಹಡೆದೆ ಎಂದು ಅವ್ವ ಹೇಳುವಾಗಲೆಲ್ಲ ಉಳಿದದ್ದು ಮೂವರೇ ಎಂಬುದು ನನಗೆ ಗೊತ್ತಿತ್ತು. ಹೇಗೆ ಎಂದು ಎಂದೂ ಕೇಳಿರಲಿಲ್ಲ. ಆ ತಂಗಿ ಯಾತರಿಂದ ಹೋದಳು ಎಂದು ಈಗ ಯಾವ ಡಾಕ್ಟರೂ ಹೇಳಲಾರರು, ಅದನ್ನೇ ಅವ್ವನಿಗೆ ಹೇಳಿದೆ. ಅವಳು ತಲೆಯಾಡಿಸಿದಳು, ಕೈ ಚಾಚಿದಳು.

“ಕೂಸಿನ ಇತ್ತ ಕೊಡ. ನೀ ಮಾಡೂದ ತಪ್ಪೈತಿ.”

ಆಮೇಲಿನದು ಅವ್ವನ ರಾಜ್ಯ. ಹಾಲು ಇಳಿಸದೆ ಕದಿಯುವ ಎಮ್ಮೆಗಳನ್ನು ಪಳಗಿಸಿದವಳು ಅವಳು. ಮಳಗಿಯಲ್ಲಿ ಬೇರೆಯವರ ಕೈಗೆ ಬಗ್ಗದ ಎಮ್ಮೆಗಳಿಗೆ ಇವಳನ್ನೇ ಕರೆಯುತ್ತಾರೆ. ನೋಡಲು ಬಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದಳು, ಸೋದರತ್ತೆಯನ್ನೂ ಬಿಡಲಿಲ್ಲ. ಹಾಸಿಗೆಗೆ ಸೀರೆಯ ಮರೆ ಕಟ್ಟಿದಳು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬೆನ್ನು ತಿಕ್ಕಿದಳು. ತಾನೇ ಅಳೆದು ಕೊಡುತ್ತಿದ್ದ ನೀರನ್ನು ಈಗ ತಂಬಿಗೆಗಟ್ಟಲೆ ತಂದು, ಕುಡಿಯುವ ತನಕ ಎದುರಿಗೆ ನಿಲ್ಲುತ್ತಿದ್ದಳು.

“ಹಸದು ಅಳೂತನಕ ಕಾಯಬ್ಯಾಡ. ಸಿಟ್ಟಿಗೆದ್ದ ಕರಾ ಕೆಚ್ಚಲಕ್ಕ ಬಾಯಿ ಹಚ್ಚಂಗಿಲ್ಲ. ಅರೆನಿದ್ದ್ಯಾಗ ಹಚ್ಚು. ಬಟ್ಟಲಾ ನೋಡಬ್ಯಾಡ, ಆಕಿ ಮಾರಿ ನೋಡು. ಬಟ್ಟಲಾ ನಾ ನೋಡ್ಕೋತೇನಿ.”

ಬಟ್ಟಲು ಅವಳ ಕೈಯಲ್ಲಿ. ಗೌರಿ ಜೋರಾಗಿ ಚೀಪಿದರೆ ತುಸು ಮೇಲೆತ್ತುವಳು, ಸೋಮಾರಿಯಾದರೆ ಕೆಳಗಿಳಿಸಿ ಕೆಲಸ ಮಾಡಿಸುವಳು. ರೌಂಡಿಗೆ ಬಂದ ಡಾಕ್ಟರ್ ಬಾಯಿ ಅದನ್ನು ನಿಂತು ನೋಡಿದರು. “ಯಾರ ಕಲಿಸಿದ್ರು ನಿಮಗ?” ಎಂದು ಕೇಳಿದರು.

“ಎಮ್ಮಿ ಕಲಿಸ್ಯಾವ್ರಿ,” ಎಂದಳು ಅವ್ವ, ನಗದೆ.

ಎಂಟನೇ ದಿನ, ಒಂಬತ್ತು, ಹತ್ತು. ಹನ್ನೊಂದನೇ ದಿನ ಮಧ್ಯಾಹ್ನ ಗೌರಿ ಬಲಗಡೆ ಚೀಪುತ್ತಿದ್ದಳು. ನನಗೆ ಎಡಗಡೆ ಜುಮ್ಮೆಂದಿತು. ಬೆವರು ಇರಬೇಕು ಎಂದುಕೊಂಡೆ. ನೋಡಿದರೆ ಕುಪ್ಪಸ ಒದ್ದೆ, ನಾಣ್ಯದಗಲ. ನೋಡುತ್ತಿದ್ದಂತೆ ಅದು ಅಂಗೈಯಗಲವಾಯಿತು.

“ತೊರಿ ಬಿಡ್ತು! ಏ, ತೊರಿ ಬಿಡ್ತು ನೋಡ್ರಿ!” ಕೊಟ್ಟಿಗೆಯಲ್ಲಿ ಎಮ್ಮೆಗೆ ಹಾಲಿಳಿದಾಗ ಕೂಗುವ ಹಾಗೆಯೇ ಅವ್ವ ಕೂಗಿದಳು. ಸೀರೆಯ ಮರೆಯಾಚೆ ಸುಮಿತ್ರಾ ನಕ್ಕದ್ದು ಕೇಳಿಸಿತು. ಅತ್ತೆ ಕೈ ಮುಗಿದರು. ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ನಾನು ಅತ್ತುಬಿಟ್ಟೆ, ಗೌರಿಯ ಮುಖದ ಮೇಲೆಲ್ಲ ನನ್ನ ಕಣ್ಣೀರು ಬಿತ್ತು. ಅವಳು ಚೀಪುವುದನ್ನು ನಿಲ್ಲಿಸಲಿಲ್ಲ.

ಆ ದಿನವೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ನಳಿಗೆ, ಪುಡಿ ಹಾಲು ನಡೆದೇ ಇತ್ತು. ಹೊಟ್ಟೆ ಎರಡು ಸಲ ಮತ್ತೆ ಕೆಟ್ಟಿತು, ಎರಡು ಸಲವೂ ಔಷಧಿ ಅಂಗಡಿಯ ಕಡೆ ತಿರುಗಿ ನೋಡದೆ ಡಾಕ್ಟರ್ ಬಾಯಿಯ ಬಳಿ ಹೋದೆ. ಹಾಲು ಏನು ಮಾಡಿದರೂ ಬರದ ತಾಯಂದಿರಿದ್ದಾರೆ, ಪುಡಿ ಹಾಲು ಕುಡಿದು ಗಟ್ಟಿಯಾಗಿ ಬೆಳೆದ ಮಕ್ಕಳೂ ಇದ್ದಾರೆ. ಅವರ ಕಡೆ ಬೆರಳು ತೋರಿಸಲು ನನ್ನ ಕಥೆಯನ್ನು ಯಾರೂ ಬಳಸಬಾರದು. ನನ್ನ ಸಿಟ್ಟು ಅವರ ಮೇಲಲ್ಲ. ಇರುವ ಹಾಲನ್ನು ಹೊಲಸು ಎಂದು ಚೆಲ್ಲಿಸಿ, ಆಮೇಲೆ ಇಲ್ಲ ಎಂದು ಹಂಗಿಸುವ ಮಾತಿನ ಮೇಲೆ.

ಗೌರಿಗೆ ಆರು ತಿಂಗಳಾದಾಗ ಸೋದರತ್ತೆ ಮನೆಗೆ ಬಂದರು. “ಪಾಪ, ಹಾಲಿಲ್ಲದಾಕಿ ಅಂತೂ ಕೂಸಿನ ಉಳಿಸ್ಕೊಂಡಳು,” ಎಂದು ಅತ್ತೆಯ ಬಳಿ ಹೇಳುತ್ತಿದ್ದರು. ನಾನು ಒಳಗೆ ಹೋಗಲಿಲ್ಲ. ಅವರ ಎದುರಿನ ಕುರ್ಚಿಯಲ್ಲಿ ಕುಳಿತೆ, ಕೂಸನ್ನು ಎದೆಗೆ ಹಚ್ಚಿದೆ. ಗೌರಿ ಗುಟುಕು ಗುಟುಕಾಗಿ ನುಂಗುವ ಸದ್ದು ಪಡಸಾಲೆಗೆಲ್ಲ ಕೇಳಿಸಿತು. ನಡುವೆ ಬಾಯಿ ಬಿಟ್ಟು ಯಾರು ಬಂದಿದ್ದಾರೆ ಎಂದು ತಿರುಗಿ ನೋಡಿದಾಗ ಹಾಲು ಚಿಮ್ಮಿ ನೆಲಕ್ಕೆ ಬಿತ್ತು. ಸೋದರತ್ತೆ ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅತ್ತೆ ಅವರನ್ನು ಕೂರಿ ಎನ್ನಲಿಲ್ಲ.

ಕಳೆದ ವರ್ಷ ನನಗೆ ಇನ್ನೊಂದು ಕೂಸಾಯಿತು. ಈ ಸಲ ಹಳಿಯಾಳದಲ್ಲೇ ಹಡೆ, ತವರಿಗೆ ಹೋಗಿ ಮತ್ತೆ ಅದೇ ಪಾಡು ಬೇಡ ಎಂದು ಈರಣ್ಣ ಸೇರಿದಂತೆ ಎಲ್ಲರೂ ಹೇಳಿದರು. ನಾನು ಹಟ ಮಾಡಿ ಮಳಗಿಗೇ ಹೋದೆ. ನನಗೆ ಅವ್ವನೇ ಬೇಕಿತ್ತು. ದೇವರ ಮಾಡದಲ್ಲಿ ಜೇನಿನ ಹೊಸ ಬಾಟಲಿ ಇತ್ತು, ಸುಮಿತ್ರಾ ಕುಂಬಾರವಾಡದಿಂದ ಕಳಿಸಿದ್ದು. ಗೌರಿ ಚಪಾತಿಗೆ ಹಚ್ಚಿಕೊಂಡು ಅದನ್ನು ಅರ್ಧ ಮಾಡಿದ್ದಳು.

ಈ ಸಲವೂ ಹೊಟ್ಟೆ ಕೊಯ್ದೇ ಕೂಸನ್ನು ತೆಗೆದರು. ನನ್ನನ್ನು ಹೊರಗೆ ತರುವಷ್ಟರಲ್ಲಿ ಸಿಸ್ಟರ್ ಅವ್ವನನ್ನು ಕೇಳಿದ್ದರಂತೆ, “ಅಜ್ಜಿ, ಕೂಸಿಗೆ ಏನಾದ್ರೂ ನೆಕ್ಕಿಸೀರೇನ?” ಎಂದು. ಅವ್ವ ಎರಡೂ ಅಂಗೈ ಬಿಚ್ಚಿ ತೋರಿಸಿದಳಂತೆ. ನಾನು ಕಣ್ಣು ತೆರೆದಾಗ ನನಗೂ ಹಾಗೆಯೇ ತೋರಿಸಿದಳು. ತೊಳೆದ ಕೈ, ಒರಟು ಬೆರಳು, ಎರಡೂ ಖಾಲಿ. ಆಮೇಲೆ ಕೂಸನ್ನು ಎತ್ತಿ ನನ್ನ ಎದೆಯ ಮೇಲೆ ಮಲಗಿಸಿದಳು. ಹೊರಗೆ ನಿಂತ ನೆಂಟರು ಮುಖ ತೋರಿಸಿ ಎಂದು ಒಂದೇ ಸಮ ಕರೆಯುತ್ತಿದ್ದರು. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ತಡೀರಿ,” ಎಂದಳು. “ಮೊದಲ ಕರಾ ಕುಡೀಲಿ.”